ಊಟದ ಬಾಟಲಿ, ಉಪವಾಸದ ಬಾಟಲಿ

ಹೊಳೆವ್ವ ಅಂದು ಹನ್ನೊಂದು ಗಂಟೆಗೆ ಚಂದಾಪುರದ ಆಸ್ಪತ್ರೆಗೆ ದಾಖಲಾಗಬೇಕಿತ್ತು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಲ್ಯಾಬಿನಲ್ಲಿ ಕುಳಿತು, ಫೋಟೊಗಳಲ್ಲಿ ಏನೋ ಸರಿಯಿಲ್ಲವೆಂದು ನಾನು ಕಂಡುಕೊಂಡಾಗ ಒಂಬತ್ತೂಕಾಲು.

ಲ್ಯಾಬಿನ ಗಾಜಿನ ಸಾಮಾನು ತೊಳೆದು ಒರೆಸುವವಳು ಹೊಳೆವ್ವ. ಗಂಡ ಮಲಕಪ್ಪನ ಜೊತೆ ಬಾದಾಮಿ ಕಡೆಯಿಂದ ಬಂದವಳು. ಮಲಕಪ್ಪ ಅವಳಿಗೆ ಸೋದರಮಾವನೂ ಹೌದು. ಮಗಳು ಸುಮಂಗಲಾಗೆ ಎಂಟು ವರ್ಷ. ಹುಟ್ಟುವಾಗಲೇ ಎರಡೂ ಕೈಗೆ ಆರಾರು ಬೆರಳು, ಊರಿನಲ್ಲಿ ಅದೃಷ್ಟ ಅಂದರು. ಈಗ ಸಂಜೆಯಾದರೆ ಆ ಹುಡುಗಿಗೆ ಹೊಸ್ತಿಲು ಕಾಣುವುದಿಲ್ಲ. ಮೂತ್ರಪಿಂಡವೂ ಸೋಲುತ್ತಿದೆ. ಬೆರಳು, ಕಣ್ಣು, ಮೂತ್ರಪಿಂಡ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ, "ಇದು ಸಿಲಿಯಾ ತೊಂದರೆ ಇರಬಹುದು, ದೊಡ್ಡ ಡಾಕ್ಟರಿಗೆ ತೋರಿಸು" ಎಂದು ಅವಳನ್ನು ಕಳಿಸಿದವಳು ನಾನು.

ನಮ್ಮ ಮೈಯ ಬಹುಪಾಲು ಜೀವಕೋಶಗಳು ಒಂದೊಂದು ಸಣ್ಣ ಕೂದಲನ್ನು ಮೇಲಕ್ಕೆತ್ತಿ ಹಿಡಿದಿರುತ್ತವೆ. ಅದೇ ಸಿಲಿಯಾ. ಹೊರಗಿನ ಎಷ್ಟೋ ಸುದ್ದಿ ಒಳಗೆ ಬರುವುದು ಅದರ ಮೂಲಕ. ಆ ಕೂದಲು ಕಟ್ಟಲು ಕೋಶಕ್ಕೆ ಯಾವ ಯಾವ ಜೀನ್ ಬೇಕು ಎಂದು ಹುಡುಕುವುದು ನಮ್ಮ ಕೆಲಸ. ನನ್ನ ಅಜ್ಜಿಯಾಗಿದ್ದರೆ ಹೀಗೆ ಹೇಳುತ್ತಿದ್ದಳು: ಒಂದಾನೊಂದು ಅರಮನೆ, ಅದಕ್ಕೆ ಇಪ್ಪತ್ತು ಸಾವಿರ ಆಳು. ಯಾರ ಕೆಲಸ ಏನೆಂದು ರಾಜನಿಗೇ ಗೊತ್ತಿಲ್ಲ. ಒಬ್ಬೊಬ್ಬರನ್ನೇ ಮನೆಗೆ ಕಳಿಸಿ, ಯಾರು ಇಲ್ಲದ ದಿನ ಬಾವುಟ ಏರುವುದಿಲ್ಲ ಎಂದು ನೋಡುತ್ತ ಕೂತ. ನಾವೂ ಒಂದೊಂದೇ ಜೀನನ್ನು ಕೆಡಿಸುತ್ತೇವೆ. ಕೂದಲು ಏಳದಿದ್ದರೆ, ಆ ಜೀನ್ ಬೇಕೇಬೇಕು ಎಂದು ಬರೆದುಕೊಳ್ಳುತ್ತೇವೆ.

ಸುಮಂಗಲಾಳ ರಕ್ತದಲ್ಲಿ ಡಾಕ್ಟರಿಗೆ ಒಂದು ಜೀನಿನಲ್ಲಿ ಒಂದಕ್ಷರದ ತಪ್ಪು ಸಿಕ್ಕಿತ್ತು. ಆ ಜೀನ್ ಏನು ಮಾಡುತ್ತದೆಂದು ಯಾರೂ ಅರಿಯರು. ನಾನು ಅದನ್ನೂ ನಮ್ಮ ಪಟ್ಟಿಗೆ ಸೇರಿಸಿದೆ. ಅದನ್ನು ಕೆಡಿಸಿದ ಕೋಶಗಳಲ್ಲಿ ಹುಡುಕಿದರೂ ಒಂದು ಕೂದಲಿಲ್ಲ. ಹೊಸ ಜೀನ್ ಸಿಕ್ಕಿತೆಂದು ಲ್ಯಾಬಿನಲ್ಲಿ ಜಿಲೇಬಿ ಹಂಚಿದರು, ಹೊಳೆವ್ವಳಿಗೂ ಕೊಟ್ಟರು. ಅವಳಾಗ ನಾಲ್ಕು ತಿಂಗಳ ಬಸುರಿ. ನಮ್ಮ ಫಲಿತಾಂಶ ನಂಬಿ ಡಾಕ್ಟರು ಗರ್ಭದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಕೂಸಿಗೆ ಅದೇ ತಪ್ಪು ಬಂದಿತ್ತು. "ಇನ್ನೊಂದು ಸುಮಂಗಲಾನ್ನ ನೋಡೂ ಶಕ್ತಿ ಇಲ್ರೀ ಅಕ್ಕಾರ" ಎಂದು ಹೊಳೆವ್ವ ತೆಗೆಸಲು ಒಪ್ಪಿದ್ದಳು.

ಕೂದಲು ಏಳಬೇಕಾದರೆ ಕೋಶಗಳನ್ನು ಎರಡು ದಿನ ಉಪವಾಸ ಇಡಬೇಕು. ಹೊಟ್ಟೆ ತುಂಬಿದ್ದರೆ ಅವು ಒಂದು ಎರಡಾಗುತ್ತ, ಎರಡು ನಾಲ್ಕಾಗುತ್ತ ಹೋಗುತ್ತವೆ, ಕೂದಲಿನ ಗೋಜಿಗೇ ಹೋಗುವುದಿಲ್ಲ. ಅಂದು ಬೆಳಿಗ್ಗೆ ವರದಿಗೆಂದು ಎರಡು ತಟ್ಟೆಗಳ ಫೋಟೊ ಪಕ್ಕಪಕ್ಕ ಇಟ್ಟೆ. ಏನೂ ಕೆಡಿಸದ ಕೋಶಗಳ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ. ಸುಮಂಗಲಾಳ ಆ ಜೀನ್ ಕೆಡಿಸಿದ ತಟ್ಟೆಯಲ್ಲಿ ಸೂಜಿ ಊರಲು ಜಾಗವಿಲ್ಲ. ಉಪವಾಸದ ಮನೆಯಲ್ಲಿ ಇಷ್ಟು ಮಂದಿ ಹೇಗೆ ಹುಟ್ಟಿದರು?

ಎದ್ದು ಹೋಗಿ ಫ್ರಿಜ್ ತೆಗೆದೆ. ಕೋಶಗಳಿಗೆ ಹಾಕುವ ದ್ರವ ಎರಡು ಬಗೆ, ನೋಡಲು ಎರಡೂ ಒಂದೇ ಕೆಂಪು. ಊಟ, ಉಪವಾಸ ಎಂದು ಬಾಟಲಿಯ ಮೇಲೆ ಕನ್ನಡದಲ್ಲಿ ಬರೆಯುವ ಚಾಳಿ ನನ್ನದೇ. ಬರಬರುತ್ತ ಸೋಮಾರಿತನಕ್ಕೆ ಬರೀ ಮೊದಲಕ್ಷರ: ಊ, ಉ. ಬಳಸುವ ಮುಂಚೆ ಪ್ರತಿ ಸಲವೂ ಬಾಟಲಿಯನ್ನು ಸ್ಪಿರಿಟ್ ಹಾಕಿ ಒರೆಸುತ್ತೇವೆ. ಪ್ರಯೋಗದ ದಿನ ಮೊದಲ ತಟ್ಟೆಗೆ ಹಾಕುವಷ್ಟರಲ್ಲಿ ಉಪವಾಸದ ಹಳೆಯ ಬಾಟಲಿ ಮುಗಿದು, ಎರಡನೆಯದಕ್ಕೆ ಇನ್ನೊಂದು ತೆಗೆದಿದ್ದೆ. ಅದು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಉ. ಬೆಳಕಿಗೆ ಹಿಡಿದೆ. ಅಕ್ಷರದ ಮುಂದೆ, ಊ ಆಗಿದ್ದರೆ ಬಾಲ ಇರಬೇಕಾದ ಕಡೆ, ನೀಲಿ ಮಸಿಯ ಒಂದು ಮಸುಕು.

ನಮ್ಮ ಮುಖ್ಯಸ್ಥ ಶಶಿಕುಮಾರ್ ಆಗತಾನೆ ಬಂದು ಕೂತಿದ್ದರು.

"ಸರ್, ಆ ತಟ್ಟೆಗೆ ಊಟ ಹಾಕ್ಬಿಟ್ಟಿದ್ದೀನಿ. ಕೂದಲು ಏಳದೇ ಇದ್ದದ್ದು ಅದಕ್ಕೇ ಇರ್ಬೋದು."

"ಬೆಳಗ್ಗೆ ಬೆಳಗ್ಗೆ ನಿಮ್ಮಜ್ಜಿ ಕಥೆ ಶುರು ಮಾಡ್ಬೇಡ ವೇಣಿ."

ಬಾಟಲಿ, ಫೋಟೊ ಎರಡನ್ನೂ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ರಿಪೀಟ್ ಮಾಡು. ಎಷ್ಟು ದಿನ ಬೇಕು?"

"ಎಂಟು ದಿನ. ತೆಗೆಸೋಕೆ ಡಾಕ್ಟರು ಹೇಳಿದ ಗಡುವಿಗೆ ಇನ್ನೂ ಎರಡು ವಾರ ಇದೆ. ಆದ್ರೆ ಅವಳು ಇವತ್ತೇ ಹನ್ನೊಂದಕ್ಕೆ..."

ಅವರು ಡಾಕ್ಟರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಹೊಳೆವ್ವನ ಫೋನ್ ಸ್ವಿಚ್ ಆಫ್.

"ನೋಡು, ರಿಸಲ್ಟ್ ತಪ್ಪೂಂತಾನೂ ಅಲ್ಲ. ನಿಜಾನೇ ಇರ್ಬೋದು. ಈಗ ಹೋಗಿ ಬೇಡ ಅಂದು, ಎಂಟು ದಿನ ಆದ್ಮೇಲೆ ಮೊದಲು ಹೇಳಿದ್ದೇ ಸರಿ ಅಂತೀಯಾ? ಅವಳನ್ನ ಎರಡೆರಡು ಸಲ ಕೊಲ್ತೀಯಾ?"

ಬಾಟಲಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಓಡಿ, ಆಟೊ ಹತ್ತಿದೆ.

ಹೆಬ್ಬಗೋಡಿಯ ಹತ್ತಿರ ಲಾರಿಗಳ ಸಾಲು. "ಬೇಗ ಅಣ್ಣಾ" ಅಂದೆ. "ರೆಕ್ಕೆ ಹಾಕಿಸೋಕೆ ಕೊಟ್ಟಿದ್ದೀನಿ ಮೇಡಂ, ಇನ್ನೂ ಬಂದಿಲ್ಲ" ಎಂದ ಆಟೊದವನು. ಅಜ್ಜಿಯ ಕಥೆಗಳಲ್ಲಿ ಕುದುರೆ ಏರಿ ಬರುವವರ ಬಳಿ ಒಳ್ಳೆಯದೋ ಕೆಟ್ಟದ್ದೋ ಒಂದು ಸುದ್ದಿ ಇದ್ದೇ ಇರುತ್ತಿತ್ತು. ನನ್ನ ಬಳಿ ಅದೂ ಇರಲಿಲ್ಲ.

ಆಸ್ಪತ್ರೆ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಹೊಳೆವ್ವ ಸ್ಟೀಲಿನ ಕುರ್ಚಿಯಲ್ಲಿ ಒಬ್ಬಳೇ ಕುಳಿತಿದ್ದಳು. ಮಲಕಪ್ಪ ಔಷಧಿ ತರಲು ಹೋಗಿದ್ದ.

"ಅಯ್ಯ ಅಕ್ಕಾರ, ನೀವ್ಯಾಕ ಬಂದ್ರಿ? ಒಂದ ದಿನ ನಾ ಇಲ್ಲ ಅಂದ್ರ ಬಾಟ್ಲಿ ತೊಳಿಯಾಕ ಬರೂದಿಲ್ಲೇನ್ ನಿಮಗ?" ನಗಲು ನೋಡಿದಳು. ಕಣ್ಣು ಬಾತಿದ್ದವು.

ನಿಂತಲ್ಲೇ ಎಲ್ಲ ಹೇಳಿದೆ. ತಟ್ಟೆ, ಬಾಟಲಿ, ಅಳಿಸಿಹೋದ ಬಾಲ.

"ಅಂದ್ರ ಕೂಸಿಗೆ ಏನೂ ಇಲ್ಲೇನು?"

"ಹಾಗೂ ಹೇಳಕ್ಕಾಗಲ್ಲ ಹೊಳೆವ್ವ."

"ಐತೇನು?"

"ಅದೂ ಗೊತ್ತಿಲ್ಲ."

"ಮತ್ತ ಏನ್ ಹೇಳಾಕ ಬಂದೀರಿ?"

"ಗೊತ್ತಿಲ್ಲ ಅಂತ ಹೇಳಕ್ಕೆ. ಗೊತ್ತು ಅಂದಿದ್ನಲ್ಲ, ಅದು ಸುಳ್ಳು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹತ್ತು ದಿನ ಅತ್ತೀನ್ರಿ ನಾನು. ಅತ್ತು ಮುಗಿಸಿ ಇಲ್ಲಿ ಬಂದು ಕುಂತೀನಿ. ಮತ್ತ ಮೊದಲಿಂದ ಅಳು ಅಂತೀರೇನು?" ಆಮೇಲೆ ತಟ್ಟನೆ, ದನಿ ತಗ್ಗಿಸಿ, "ಆ ಬಾಟ್ಲಿ ಒರಸಾಕಿ ನಾನ ಅಲ್ಲೇನ್ರೀ?"

"ಎಲ್ಲರೂ ಒರೆಸ್ತೀವಿ. ನೋಡದೆ ಸುರಿದವಳು ನಾನು."

ಒಳಬಾಗಿಲು ತೆರೆಯಿತು. "ಹೊಳೆವ್ವ ಯಾರ್ರೀ? ಬನ್ನಿ, ಬಟ್ಟೆ ಬದಲಾಯಿಸ್ಬೇಕು" ಎಂದಳು ನರ್ಸ್.

ಹೊಳೆವ್ವ ಎದ್ದಳು. ಎರಡು ಹೆಜ್ಜೆ ಹೋಗಿ ಗೋಡೆ ಹಿಡಿದು ನಿಂತಳು. "ನಿನ್ನಿಂದ ಒಳಗ ಮಿಸುಕಾಡಾಕತ್ತೈತಿ" ಎಂದಳು, ಯಾರಿಗೆಂದಿಲ್ಲದೆ. ಮತ್ತೆ ಬಂದು ಕುಳಿತಳು.

"ಇವತ್ತ ಬ್ಯಾಡ್ರಿ ಸಿಸ್ಟರ್. ಎಂಟು ದಿನ ಬಿಟ್ಟು ಬರ್ತೀನಿ."

"ಬೇಡ ಅಂದ್ರೆ? ಡಾಕ್ಟರಿಗೆ ನಾನೇನಮ್ಮ ಹೇಳ್ಲಿ?"

"ಇವ್ರು ಹೇಳ್ತಾರ." ನನ್ನತ್ತ ನೋಡದೆಯೇ ಕೈ ತೋರಿದಳು. "ನನ್ನ ಗಂಡಗೂ ಇವ್ರ ಹೇಳ್ತಾರ. ನಾ ಹೇಳಾಂಗಿಲ್ಲ."

ಪಕ್ಕದ ಕುರ್ಚಿಯಲ್ಲಿ ಕೂರಲು ಹೋದೆ. ಅವಳು ತೊಡೆಯ ಮೇಲಿದ್ದ ಬಟ್ಟೆಯ ಚೀಲವನ್ನು ಎತ್ತಿ ಆ ಕುರ್ಚಿಯ ಮೇಲಿಟ್ಟಳು. ಮಲಕಪ್ಪ ಬರುವವರೆಗೂ ನಾನು ನಿಂತೇ ಇದ್ದೆ.