ನಿಂಗಯ್ಯ ಪಾಸ್ ಮಾಡಿದ ಸಾವಿರ ರೂಪಾಯಿ

ಹೂಟಗಳ್ಳಿಯಲ್ಲಿ ನಿಂಗಯ್ಯನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ನಿಂಗಯ್ಯ ಎನ್ನುತ್ತಾರೆ. ಚೆಕಿಂಗ್ ನಿಂಗಯ್ಯ ಎಂದರೆ ಬಾಗಿಲವರೆಗೂ ಬಂದು ತೋರಿಸಿ ಹೋಗುತ್ತಾರೆ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅವರದು ಒಂದೇ ಕೆಲಸ. ಒಳಬರುವ ಕಬ್ಬಿಣವನ್ನೂ ತಯಾರಾದ ಬಿಡಿಭಾಗಗಳನ್ನೂ ಅಳೆದು ನೋಡುವುದು, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ಚಾಳಿ ಹೋಗಿಲ್ಲ. ಹೊಸ ಮಿಕ್ಸಿ ತಂದರೆ ಮೊದಲು ಬಿಚ್ಚಿ ಒಳಗೇನಿದೆ ನೋಡಬೇಕು. ಸಿಲಿಂಡರ್ ತಂದವನನ್ನು ನಿಲ್ಲಿಸಿ ತೂಕ ಹಾಕಿಸಬೇಕು. ಹೆಂಡತಿ ಪ್ರೇಮಮ್ಮನಿಗೆ ಇದೊಂದು ತಲೆನೋವು. ಆದರೆ ಈ ಮನುಷ್ಯನ ಕಣ್ಣು ತಪ್ಪಿಸಿ ಮನೆಗೆ ಕೆಟ್ಟ ಸಾಮಾನು ಬರುವುದಿಲ್ಲ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಮಗ ಹರೀಶ್ ಫೋನ್ ಹಿಡಿದುಕೊಂಡು ಅಪ್ಪನ ಪಕ್ಕ ಬಂದು ಕುಳಿತ. ಅವನು ಪಕ್ಕದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ.

"ಅಪ್ಪ, ಒಂದ್ ವಿಷ್ಯ ಹೇಳ್ತೀನಿ. ಬಯ್ಯಬಾರ್ದು."

"ಬಯ್ಯೋದು ಬುಡೋದು ವಿಷ್ಯ ನೋಡ್ಕೊಂಡು. ಅದೇನ್ ಹೇಳ್ಲಾ."

ಹರೀಶ್ ಪರದೆ ತೋರಿಸಿದ. ಕ್ರಿಕೆಟ್ ಪಂದ್ಯಗಳ ಮೇಲೆ ಬಾಜಿ ಕಟ್ಟುವ ಆ್ಯಪ್. ಅವನ ಹೆಸರಿನ ಮುಂದೆ ಒಂದು ಲಕ್ಷ ಎಂಬತ್ತು ಸಾವಿರ ಎಂದು ಹಸಿರು ಅಕ್ಷರದಲ್ಲಿ ಮಿನುಗುತ್ತಿತ್ತು.

ಅವರೆಕಾಯಿ ಸುಲಿಯುತ್ತಿದ್ದ ಪ್ರೇಮಮ್ಮ ಅಲ್ಲಿಂದಲೇ ಗದರಿದರು. "ಜೂಜಾ? ನಮ್ಮನೇಲಾ? ನಾಚ್ಕೆ ಆಗಲ್ವೇನ್ಲಾ ನಿಂಗೆ!"

ನಿಂಗಯ್ಯನೂ ಗದರಬೇಕಿತ್ತು. ಆದರೆ ಅವರ ಕುತೂಹಲ ಕೋಪಕ್ಕಿಂತ ಮೊದಲೇ ಎದ್ದು ಕೂರುತ್ತದೆ.

"ಇರಮ್ಮಿ, ಇದು ಎಂಗೆ ಓಡ್ತದೆ ನೋಡವ. ಇದ್ಕೆ ದುಡ್ಡು ಬ್ಯಾಂಕಿಂದ ಕಟ್ತೀಯೇನ್ಲಾ?"

"ಬ್ಯಾಂಕಿಂದ ಆಗಲ್ಲಪ್ಪ. ಕಾಯಿನ್ ತಗೊಂಡು ಕಟ್ಟೋದು."

"ಎಲ್ಲದೆ ಕಾಯಿನ್ನು? ತೋರ್ಸು."

ಹರೀಶ್ ನಕ್ಕ. "ಕೈಲಿ ಹಿಡಿಯೋದಲ್ಲ. ಕ್ರಿಪ್ಟೋ ಅಂತಾರೆ. ಫೋನಲ್ಲಿ ಬರೀ ಅಂಕಿ. ಒಂದ್ ಗ್ರೂಪಲ್ಲಿ ಮಾರೋರು ಅವ್ರೆ. ಅವ್ರಿಗೆ ರೂಪಾಯಿ ಕಳ್ಸಿದ್ರೆ ಕಾಯಿನ್ ಬರ್ತದೆ. ಅದ್ನ ಆ್ಯಪ್‌ಗೆ ಹಾಕಿ ಮ್ಯಾಚ್ ಮೇಲೆ ಕಟ್ಟೋದು."

"ಗೆದ್ರೆ?"

"ಗೆದ್ದಿರೋ ಕಾಯಿನ್ನ ಇನ್ನೊಬ್ರಿಗೆ ಮಾರೋದು. ಅವ್ರು ನಮ್ ಅಕೌಂಟಿಗೆ ರೂಪಾಯಿ ಹಾಕ್ತಾರೆ."

ಆಮೇಲೆ ಹರೀಶ್ ಅಸಲು ಮಾತಿಗೆ ಬಂದ. ಸಾವಿರ ರೂಪಾಯಿಯವರೆಗೆ ಸುಮ್ಮನೆ ತೆಗೆಯಬಹುದು. ಪೂರ್ತಿ ದುಡ್ಡು ತೆಗೆಯಬೇಕಾದರೆ ಆ್ಯಪಿನವರಿಗೆ ಒಂದು ಸಲ ನಲವತ್ತು ಸಾವಿರ ಕಟ್ಟಬೇಕು, ಎರಡೇ ಗಂಟೆಯಲ್ಲಿ ಎಲ್ಲವೂ ವಾಪಸ್ ಬರುತ್ತದೆ. ಅಮ್ಮನ ಖಾತೆಯಲ್ಲಿ ನಲವತ್ತೆಂಟು ಸಾವಿರ ಇದೆಯಲ್ಲ, ಅದನ್ನು ಕೊಟ್ಟರೆ ಆಯಿತು ಎಂದ.

ಪ್ರೇಮಮ್ಮನ ಕೈ ನಿಂತಿತು. ಆ ದುಡ್ಡು ಹಾಸ್ಟೆಲಿನಲ್ಲಿದ್ದು ಓದುವ ಮಗಳು ಸೌಮ್ಯಶ್ರೀಯ ನರ್ಸಿಂಗ್ ಕಾಲೇಜಿನ ಎರಡನೇ ವರ್ಷದ ಫೀಸು. ಒಂದು ವರ್ಷ ರವಿಕೆ ಹೊಲಿದು ಕೂಡಿಟ್ಟದ್ದು. ಶುಕ್ರವಾರ ಕೊನೆಯ ದಿನ. ಕಟ್ಟದಿದ್ದರೆ ಹುಡುಗಿ ಪರೀಕ್ಷೆಗೆ ಕೂರುವಂತಿಲ್ಲ.

"ಅವಳಿಗೋಸ್ಕರನೇ ಕಣಮ್ಮ," ಎಂದ ಹರೀಶ್. "ಈ ವರ್ಷದ್ದು, ಮುಂದಿನ ವರ್ಷದ್ದು, ಎರಡೂ ಒಂದೇ ಸಲ ಕಟ್ಬುಡವ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಪಾಪ, ತಂಗಿಗೆ ಒಳ್ಳೆಯದಾಗಲಿ ಎಂದೇ ಅವನ ಆಸೆ.

ನಿಂಗಯ್ಯ ಗಡ್ಡ ಕೆರೆದುಕೊಂಡರು. ಸಾವಿರ ಪೀಸಿನ ರಾಶಿ ಬಂದರೆ ಮೊದಲು ಒಂದನ್ನು ತೆಗೆದು ಪರೀಕ್ಷೆ ಮಾಡುವುದು ಅವರ ವೃತ್ತಿಯ ಕ್ರಮ. "ಸ್ಯಾಂಪಲ್ ನೋಡವ," ಎಂದರು. "ಸಾವಿರ ತೆಗಿ. ಬತ್ತದಾ ಇಲ್ವಾ ಅಂತ ನೋಡಿ ಆಮೇಲೆ ಮಾತು."

ಹರೀಶನ ಖಾತೆಗೆ ಬಂದರೆ ಬೈಕಿನ ಕಂತಿಗೆ ಹೋಗುತ್ತದೆ. ಅದಕ್ಕೆ ಕಾಯಿನ್ ಕೊಳ್ಳುವವನಿಗೆ ಅಮ್ಮನ ಖಾತೆಯ ನಂಬರ್ ಕೊಟ್ಟ. ಇಪ್ಪತ್ತು ನಿಮಿಷದಲ್ಲಿ ಪ್ರೇಮಮ್ಮನ ಫೋನ್ ಟಿಣ್ ಎಂದಿತು. ಸಾವಿರ ರೂಪಾಯಿ ಜಮಾ. ಕಳಿಸಿದವರು ಯಾರೋ ಗೊತ್ತಿಲ್ಲದ ಹೆಸರಿನವರು.

"ಪಾಸ್!" ಎಂದರು ನಿಂಗಯ್ಯ, ಕಾರ್ಖಾನೆಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಪ್ರೇಮಮ್ಮನಿಗೆ ಮನಸ್ಸಿರಲಿಲ್ಲ, ಆದರೆ ಗಂಡನೇ ಪಾಸ್ ಮಾಡಿದ ಮೇಲೆ ಒಪ್ಪಿಕೊಂಡರು. ಆ ಸಾವಿರದಲ್ಲಿ ಎರಡು ನಾಟಿಕೋಳಿ ಬಂತು. ಮುದ್ದೆ, ಕೋಳಿಸಾರು ಉಂಡು ಮೂವರೂ ಸುಖವಾಗಿ ನಿದ್ದೆ ಮಾಡಿದರು.

ಬುಧವಾರ ಹರೀಶ್ ಕೆಲಸಕ್ಕೆ ರಜೆ ಹಾಕಿದ. ನಲವತ್ತು ಸಾವಿರ ಕಳಿಸಲು ಕುಳಿತರು. ಹೋಗಲಿಲ್ಲ. ಮತ್ತೆ ಒತ್ತಿದರು. ಹೋಗಲಿಲ್ಲ. ಮೂರನೆಯ ಸಲವೂ ಅಷ್ಟೇ. ಮೂವರೂ ಬ್ಯಾಂಕಿಗೆ ಓಡಿದರು.

ಆ ಬ್ಯಾಂಕಿನ ಅಧಿಕಾರಿ ಗಾರ್ಗಿ ಮೇಡಂ ದಿನಾ ರಾಮಕೃಷ್ಣನಗರದಿಂದ ಸ್ಕೂಟರಿನಲ್ಲಿ ಬರುವವರು. ಪಿಂಚಣಿಯ ಬಗ್ಗೆ ನಿಂಗಯ್ಯ ಕೇಳುವ ಸಾವಿರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅಭ್ಯಾಸವಾದವರು. ಕಂಪ್ಯೂಟರ್ ನೋಡಿದವರೇ ಮುಖ ಗಂಭೀರ ಮಾಡಿದರು.

"ಪ್ರೇಮಮ್ಮ, ನಿಮ್ಮ ಖಾತೆ ತಡೆಹಿಡಿದಿದ್ದಾರೆ. ಸೈಬರ್ ಪೊಲೀಸ್ ಕಡೆಯಿಂದ ಬಂದಿದೆ. ಭಾನುವಾರ ಒಂದು ಸಾವಿರ ಬಂತಲ್ಲ, ಅದು ಯಾರದು?"

ಹರೀಶ್ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ.

ಗಾರ್ಗಿ ಬಯ್ಯಲಿಲ್ಲ. ಕುರ್ಚಿ ಎಳೆದು ಕೂರಿಸಿದರು. "ನೋಡಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಕ್ಕೆ ಈಗ ಕಾನೂನಿನಲ್ಲೇ ನಿಷೇಧ ಇದೆ. ಬ್ಯಾಂಕಿನ ದಾರಿ ಮುಚ್ಚಿದೆ. ಅದಕ್ಕೇ ಅವರು ಕಾಯಿನ್ ಅನ್ನೋ ಸಂದಿಯಲ್ಲಿ ನುಗ್ಗಿಸ್ತಾರೆ. ಕಾಯಿನ್ ಕೊಳ್ಳೋನು ಯಾರು, ಅವನ ಹತ್ರ ರೂಪಾಯಿ ಎಲ್ಲಿಂದ ಬಂತು, ನಿಮಗೆ ಗೊತ್ತಾಗಲ್ಲ. ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡನ್ನ ನಿಮ್ಮಂಥೋರ ಖಾತೆಗೆ ಹಾಕಿ, ಕಾಯಿನ್ ತಗೊಂಡು ಅವನು ಮಾಯ ಆಗ್ತಾನೆ. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದಾಗ ಸಿಗೋದು ನಿಮ್ಮ ಹೆಸರು."

"ಆದ್ರೆ ಮೇಡಂ, ನನ್ನ ಒಂದ್ ಲಕ್ಷ ಎಂಬತ್ತು ಸಾವ್ರ ಅಲ್ಲೇ ಅದೆ," ಎಂದ ಹರೀಶ್. ಅವನಿಗೆ ಇನ್ನೂ ಆಸೆ ಬಿಟ್ಟಿರಲಿಲ್ಲ. "ಬೇರೆ ಕಡೆ ನಲವತ್ತು ಹೊಂದಿಸ್ಕೊಂಡು ಕಟ್ಟಿದ್ರೆ ಎಲ್ಲಾ ಸರಿ ಹೋಗ್ತದೆ."

"ಹೌದಾ? ಹಾಗಾದ್ರೆ ಅವರಿಗೇ ಒಂದು ಮಾತು ಕೇಳಿ. ಒಂದು ಎಂಬತ್ತರಲ್ಲಿ ನಲವತ್ತು ನೀವೇ ಹಿಡ್ಕೊಂಡು ಮಿಕ್ಕಿದ್ದು ಕೊಡಿ ಅಂತ."

ನಿಂಗಯ್ಯ ಮುಂದಕ್ಕೆ ಬಗ್ಗಿದರು. ಇಷ್ಟು ಸುಲಭದ ಪರೀಕ್ಷೆ ತನಗೇಕೆ ಹೊಳೆಯಲಿಲ್ಲ? "ಕೇಳ್ಲಾ, ಕೇಳು," ಎಂದರು.

ಹರೀಶ್ ಆ್ಯಪಿನಲ್ಲಿ ಬರೆದು ಕಳಿಸಿದ. ತಕ್ಷಣ ಉತ್ತರ ಬಂತು. ಆಗುವುದಿಲ್ಲ, ಹೊರಗಿನಿಂದಲೇ ಕಟ್ಟಬೇಕು, ಇಂದು ಸಂಜೆಯೊಳಗೆ ಕಟ್ಟದಿದ್ದರೆ ಅರವತ್ತು ಸಾವಿರವಾಗುತ್ತದೆ.

"ನಿಮ್ಮ ದುಡ್ಡು ನಿಜವಾಗ್ಲೂ ಅವರ ಹತ್ರ ಇದ್ದಿದ್ರೆ, ಅದರಲ್ಲೇ ಮುರ್ಕೊಳ್ಳೋಕೆ ಏನು ಕಷ್ಟ ಹರೀಶ್?" ಎಂದರು ಗಾರ್ಗಿ. "ಅಲ್ಲಿರೋದು ದುಡ್ಡಲ್ಲ, ಬರೀ ಅಂಕಿ. ನೀವು ಇದುವರೆಗೆ ಎಷ್ಟು ಹಾಕಿದೀರ?"

"ಇಪ್ಪತ್ತಾರು ಸಾವಿರ," ಎಂದ ಹರೀಶ್. ಆರು ತಿಂಗಳ ಓವರ್‌ಟೈಮ್ ದುಡ್ಡು ಅದು.

"ಮತ್ತೆ ಆ ಸಾವಿರ ಯಾಕೆ ಕೊಟ್ರು?" ಎಂದರು ನಿಂಗಯ್ಯ. ಅವರಿಗೆ ಅದೊಂದೇ ಬಿಡಿಸಲಾಗದ ಗಂಟು. "ನಾನೇ ಪರೀಕ್ಷೆ ಮಾಡ್ದೆ ಮೇಡಂ. ಬಂತಲ್ಲ?"

"ನೀವು ಪರೀಕ್ಷೆ ಮಾಡ್ತೀರ ಅಂತ ಅವರಿಗೆ ಗೊತ್ತು ನಿಂಗಯ್ಯನವರೇ. ಅದಕ್ಕೇ ಸಾವಿರದ ತನಕ ಬಿಡ್ತಾರೆ. ಕಾರ್ಖಾನೆಗೆ ಕಬ್ಬಿಣ ಬಂದಾಗ ನೀವು ಮೊದಲು ಏನು ನೋಡ್ತಿದ್ರಿ?"

ಕಬ್ಬಿಣ ಬಂದರೆ ನಿಂಗಯ್ಯ ಮೊದಲು ಕೇಳುತ್ತಿದ್ದದ್ದು ಚೀಟಿ. ಎಲ್ಲಿ ತಯಾರಾಯಿತು, ಯಾರು ಕಳಿಸಿದರು ಎಂಬ ಚೀಟಿ ಇಲ್ಲದಿದ್ದರೆ ಅಳತೆ ಸರಿಯಿದ್ದರೂ ಲಾರಿಯಿಂದ ಇಳಿಸಲು ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ತಪ್ಪದೆ ಕೇಳಿದ ಪ್ರಶ್ನೆಯನ್ನು ತನ್ನ ಮನೆಯಲ್ಲಿ ಕೇಳಲಿಲ್ಲ. ದುಡ್ಡು ಬಂತಾ ಎಂದು ನೋಡಿದರು, ಯಾರದು ಎಂದು ನೋಡಲಿಲ್ಲ.

ಗುರುವಾರ ಪ್ರೇಮಮ್ಮ ಮಗಳ ಕಾಲೇಜಿನ ಆಫೀಸಿನ ಮುಂದೆ ನಿಂತು ಕೈಮುಗಿದು ಕಾಲಾವಕಾಶ ಕೇಳಿದರು. ಯಾರ ಮುಂದೆಯೂ ಹಾಗೆ ನಿಂತವರಲ್ಲ ಅವರು. ಹದಿನೈದು ದಿನ ಸಿಕ್ಕಿತು. ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದೇ ದಿನ ಗಾರ್ಗಿ ಹೇಳಿದಂತೆ ಅಪ್ಪ, ಮಗ ಸೈಬರ್ ಪೊಲೀಸ್ ಠಾಣೆಗೆ ಹೋದರು. ಬ್ಯಾಂಕಿನ ವಿವರ, ಆ್ಯಪಿನ ಚಿತ್ರಗಳು, ಗ್ರೂಪಿನ ಮಾತುಕತೆ ಯಾವುದನ್ನೂ ಅಳಿಸದೆ ತೋರಿಸಿದರು. ನಡೆದದ್ದನ್ನು ನಡೆದಂತೆ ಬರೆದುಕೊಟ್ಟರು. ಅಧಿಕಾರಿ ಎಲ್ಲ ಓದಿ ಸಹಿ ಹಾಕಿಸಿಕೊಂಡರು. ನಿಂಗಯ್ಯ ಏಳಲಿಲ್ಲ.

"ಸಾರ್, ಒಂದ್ ಮಾತು. ಆ ಸಾವಿರ ಯಾರದ್ದು?"

ಅಧಿಕಾರಿ ಒಂದು ಕ್ಷಣ ಯೋಚಿಸಿ ಹೇಳಿದರು. "ಹೆಸರು ಹೇಳೋ ಹಾಗಿಲ್ಲ. ವಯಸ್ಸಾದ ಒಬ್ಬ ಹೆಂಗಸು. ಕರೆಂಟ್ ಕಟ್ ಮಾಡ್ತೀವಿ ಅಂತ ಯಾರೋ ಫೋನ್ ಮಾಡಿ ಹೆದರಿಸಿ, ಕಣ್ಣಿನ ಆಪರೇಷನ್‌ಗೆ ಇಟ್ಟಿದ್ದ ದುಡ್ಡು ಪೂರ್ತಿ ಬಳ್ಕೊಂಡಿದಾರೆ. ಅದನ್ನ ಚೂರು ಚೂರು ಮಾಡಿ ಹಂಚಿದಾರೆ. ಒಂದು ಚೂರು ನಿಮ್ಮನೆಗೆ ಬಂತು."

ನಿಂಗಯ್ಯನಿಗೆ ಕೋಳಿಸಾರು ನೆನಪಾಯಿತು. ಎರಡನೇ ಸಲ ಬಡಿಸಿಕೊಂಡದ್ದೂ ನೆನಪಾಯಿತು.

"ಆಯಮ್ಮನ ದುಡ್ಡು ನಾವ್ ತಿಂದ್ಬುಟ್ವಲ್ಲ ಸಾರ್," ಎಂದರು. ಹರೀಶ್ ಗೋಡೆಯ ಕಡೆ ಮುಖ ತಿರುಗಿಸಿದ.

ಹನ್ನೆರಡನೆಯ ದಿನ ಖಾತೆ ಬಿಟ್ಟುಕೊಟ್ಟರು. ಆ ಸಾವಿರ ಮುರಿದುಕೊಂಡು ಮಿಕ್ಕದ್ದು ಪ್ರೇಮಮ್ಮನಿಗೆ ಸಿಕ್ಕಿತು. ಕಡಿಮೆಯಾದ ಸಾವಿರವನ್ನು ಹರೀಶ್ ತನ್ನ ಸಂಬಳದಿಂದ ತುಂಬಿದ. ಸೌಮ್ಯಶ್ರೀಯ ಫೀಸು ಕಟ್ಟಿದ್ದಾಯಿತು. ಅವನ ಇಪ್ಪತ್ತಾರು ಸಾವಿರ ಮಾತ್ರ ಹೋದದ್ದು ಹೋಯಿತು.

ಫೋನಿನಲ್ಲಿ ಆ ಆ್ಯಪ್ ಇನ್ನು ಇರಬೇಕಿಲ್ಲ ಎಂದು ಪೊಲೀಸರು ಹೇಳಿದ ಮೇಲೆ, ಹರೀಶ್ ಅಪ್ಪನ ಎದುರಿಗೇ ಅದನ್ನು ತೆರೆದ. ಈಗ ಅದರಲ್ಲಿ ಎರಡು ಲಕ್ಷ ಹತ್ತು ಸಾವಿರ ಎಂದು ತೋರಿಸುತ್ತಿತ್ತು. ಅವನ ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು.

"ಯಾರ್ದ್ಲಾ ಅದು?" ಎಂದು ಕೇಳಿದರು ನಿಂಗಯ್ಯ.

ಹರೀಶ್ ಅಳಿಸಿದ. ಅಂದಿನಿಂದ ಆ ಮನೆಯ ಯಾರ ಫೋನ್ ಟಿಣ್ ಎಂದರೂ ಮೊದಲು ಬರುವ ಪ್ರಶ್ನೆ ಅದೇ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನೀವೂ ಆ ಪ್ರಶ್ನೆ ಕೇಳಿ. ಕಾಯಿನ್ ಕೊಂಡು ಪಂದ್ಯದ ಮೇಲೆ ಕಟ್ಟು ಎಂದು ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ. ಸ್ವಲ್ಪ ದುಡ್ಡು ವಾಪಸ್ ಬಂತೆಂದು ನಂಬಬೇಡಿ. ಗೆದ್ದ ದುಡ್ಡು ಕೊಡಲು ಮೊದಲು ದುಡ್ಡು ಕಟ್ಟು ಎನ್ನುವವನು ಮೋಸಗಾರ. ನಿಮ್ಮ ಖಾತೆಯನ್ನಾಗಲಿ, ನಿಮ್ಮ ಅಮ್ಮನ ಖಾತೆಯನ್ನಾಗಲಿ ಇಂಥದ್ದಕ್ಕೆ ಕೊಡಬೇಡಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಏನನ್ನೂ ಅಳಿಸಬೇಡಿ. ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೆ ತಿಳಿಸಿ. ಮನೆಯಲ್ಲಿ ಹರೀಶನಂಥ ಮಗನಿದ್ದರೆ ಬಯ್ಯುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಿಮ್ಮ ಮನೆಯ ಸಾರಿನಲ್ಲಿ ಯಾರದೋ ಕಣ್ಣಿನ ಆಪರೇಷನ್ನಿನ ದುಡ್ಡು ಬೇಯುವುದು ಬೇಡ.