ಕುಡಿ ಮುರಿದ ಎರಡು ಸಾಲು

ಪಂಪಣ್ಣ ನಮ್ಮ ದೊಡ್ಡಪ್ಪನ ಮಗ. ಅವನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಈ ವರ್ಷ ಅವನು ತೊಗರಿಯನ್ನು ಎಲ್ಲರಂತೆ ಬಿತ್ತಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಬೆಳೆಸಿ ದೂರ ದೂರ ನಾಟಿ ಮಾಡಿದ. ಸುರಪುರದಿಂದ ಕೃಷಿ ಇಲಾಖೆಯ ಮೇಡಂ ಬಂದು ಅವನ ಹೆಸರಿನ ಬೋರ್ಡು ನೆಟ್ಟರು. ಸಂಜೆಯಾದರೆ ಆ ಬೋರ್ಡಿನ ನೆರಳು ನನ್ನ ಹೊಲದೊಳಗೆ ಬೀಳುತ್ತಿತ್ತು.

ಈ ಹೊಸ ಪದ್ಧತಿ ಮಾಡಿ ತೋರಿಸಲು ಮೊದಲು ನನ್ನನ್ನೇ ಕೇಳಿದ್ದರು. ಫಾರ್ಮು ಓದಿ ತುಂಬಬೇಕು ಎಂದರು. ನಾನು ಆರನೆಯ ತರಗತಿಗೇ ಶಾಲೆ ಬಿಟ್ಟವನು. ಎಲ್ಲರೆದುರು ತಡವರಿಸುವ ಬದಲು, ಅದೆಲ್ಲ ನಮ್ಮ ಕರಿಮಣ್ಣಿಗೆ ಆಗುವುದಿಲ್ಲ ಎಂದುಬಿಟ್ಟೆ. ಪಿಯುಸಿ ಓದಿದ ಪಂಪಣ್ಣ ಅಲ್ಲೇ ಸಹಿ ಹಾಕಿದ.

ಆಮೇಲೆ ಊರೆಲ್ಲ ಅವನ ಬದುವಿನ ಮೇಲೆಯೇ. ನನ್ನ ಹೆಂಡತಿ ಗುರುದೇವಿ ಕೂಡ ಬುತ್ತಿ ತಂದವಳು ಮೊದಲು ಆ ಕಡೆ ನೋಡಿ, ಎಷ್ಟು ಚಂದ ಎದ್ದಾವ ಅಂದಳು. ಅರ್ಧ ರೊಟ್ಟಿಗೇ ಬುತ್ತಿ ಕಟ್ಟಿಟ್ಟೆ.

ಮರುದಿನ ಪಂಪಣ್ಣ ಶಹಾಪುರಕ್ಕೆ ಹೋಗಿದ್ದ. ಮಧ್ಯಾಹ್ನ ಬದು ದಾಟಿ, ಮೊಣಕಾಲೆತ್ತರದ ಗಿಡಗಳ ಕುಡಿಗಳನ್ನು ಒಂದೊಂದಾಗಿ ಮುರಿದು ಎಸೆದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಯಾರದೋ ಟ್ರ್ಯಾಕ್ಟರಿನ ಸದ್ದು, ಬಂದುಬಿಟ್ಟೆ. ನಿನ್ನ ಆಡುಗಳೇ ಮೇಯ್ದಿವೆ ಎಂದು ಪಂಪಣ್ಣ ಸಂಜೆ ಶರೀಫಾಬೀಯ ಜೊತೆ ಜಗಳ ತೆಗೆದ. ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ. ಹೊಟ್ಟೆ ತಣ್ಣಗಾಯಿತು.

ಎರಡು ತಿಂಗಳಲ್ಲಿ ಆ ಎರಡು ಸಾಲೇ ಉಳಿದವನ್ನು ಮೀರಿಸಿದವು. ಒಂದೊಂದು ಗಿಡವೂ ಕೊಡೆಯಂತೆ ಹರಡಿ, ಟೊಂಗೆ ಟೊಂಗೆಗೂ ಮೊಗ್ಗು. ಮೇಡಂ ಬಂದು ಊರವರನ್ನು ಹೊಲದಲ್ಲೇ ಕೂಡಿಸಿದರು. ಕುಡಿ ಚಿವುಟಿದರೆ ಟೊಂಗೆ ಹೆಚ್ಚುತ್ತವೆ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತೇವೆ, ಬೆಳೆ ಕೆಡುತ್ತದೆಂದು ಹೆದರಿ ಯಾರೂ ಮಾಡುವುದಿಲ್ಲ, ಇಲ್ಲಿ ಚಿವುಟಿದವರು ಯಾರು ಎಂದು ಕೇಳಿದರು.

"ನಾನರೀ," ಎಂದ ಪಂಪಣ್ಣ. "ಎರಡು ಸಾಲು ಮಾಡಿ ನೋಡೀನ್ರಿ."

ಮೈಯೆಲ್ಲ ಉರಿದು ಎದ್ದು ನಿಂತೆ. "ಸುಳ್ಳ ಹೇಳಾಕತ್ತಾನ್ರಿ ಮೇಡಂ. ಮುರದಾಂವ ನಾನು."

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ನಕ್ಕರು. ಪಂಪಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ.

"ತಮ್ಮಾ ವಿಶ್ವಾ, ಒಂದರೆ ತರಬೇತಿಗೆ ಬಂದೀಯೇನೋ ನೀನು?"

ಮೇಡಂ ಅವನನ್ನು ಆ ಸಾಲುಗಳ ನಡುವೆ ನಿಲ್ಲಿಸಿ ಫೋಟೋ ತೆಗೆದರು.

ನಾನೂ ಗುರುದೇವಿಯೂ ಬದು ದಾಟಿ ನಮ್ಮ ಹೊಲಕ್ಕೆ ಬಂದೆವು. ನೀನೂ ನನ್ನ ಮಾತು ನಂಬಲಿಲ್ಲವಲ್ಲ ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಸಿಟ್ಟಾಗಲಿಲ್ಲ. ಆ ದಿನ ಉಣ್ಣಲು ಕೂತಾಗ ನನ್ನ ಉಗುರುಗಳು ಹಸಿರಾಗಿದ್ದವಂತೆ. ಅವಳಿಗೆ ಅಂದೇ ಗೊತ್ತಾಗಿತ್ತಂತೆ.

ನಮ್ಮ ತೊಗರಿ ಕೋಲಿನಂತೆ ನೆಟ್ಟಗೆ ನಿಂತಿತ್ತು. ಹೂವು ಬಿಟ್ಟಾಗಿತ್ತು, ಈ ವರ್ಷ ಇನ್ನು ಚಿವುಟುವಂತಿಲ್ಲ.

"ಅವರ ಹೊಲಕ್ಕ ಹೋಗಿ ಮುರದ್ರಿ," ಎಂದಳು. "ಸಿಟ್ಟಿನಾಗರ ನಮ್ಮವು ನಾಕು ಗಿಡಾ ಮುರೀಬಾರದಾಗಿತ್ತೇನ್ರಿ?"