ಬಾಟಲಿ ಕೋಣೆಯ ಮೈಲಿಗಿ

ಮುಗಳಖೋಡದ ಹೊರಗಿನ ಆ ಕಟ್ಟಡಕ್ಕೆ ಊರವರು ಇಟ್ಟ ಹೆಸರು ಬಾಟಲಿ ಕೋಣೆ. ಕಬ್ಬಿನ ಸುಳಿಯ ಎಳೆ ತುದಿಯನ್ನು ಕತ್ತರಿಸಿ, ಸಕ್ಕರೆ ಬೆರೆಸಿದ ಪಾಕದ ಬಾಟಲಿಯಲ್ಲಿಟ್ಟು, ಒಂದು ತುದಿಯಿಂದ ಸಾವಿರಾರು ಸಸಿ ಎಬ್ಬಿಸುವ ಜಾಗ. ಕೃಷಿ ಪದವಿ ಓದಿ ಬಂದ ಜಯಪಾಲ ೧೯೯೩ರಲ್ಲಿ ಅದನ್ನು ತೆರೆದಾಗ ಮೊದಲು ಕೆಲಸಕ್ಕೆ ಸೇರಿದವಳು ಸಾವಕ್ಕ.

ಅಲ್ಲಿಯವರೆಗೆ ಅವಳು ಕಂಡವರ ಹೊಲದಲ್ಲಿ ಕಬ್ಬಿನ ಒಣ ಎಲೆ, ಅಂದರೆ ರವದಿ, ಸುಲಿಯುತ್ತಿದ್ದವಳು. ರವದಿಯ ಅಂಚು ಗರಗಸದಂತೆ. ಮುಂಗೈ ತುಂಬ ಗೀರು. ಬಾಟಲಿ ಕೋಣೆಗೆ ಸೇರಿದ ಮೇಲೆ ಗೀರು ಮಾಯ್ದವು. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಸ್ಪಿರಿಟ್ ಒರೆಸಿಕೊಂಡು, ದೀಪದ ಉರಿಯಲ್ಲಿ ಚೂರಿ ಕಾಯಿಸುವಾಗ ಆ ಕೈಗಳನ್ನು ಅವಳು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಮತ್ತೆ ರವದಿಗೆ ಹೋಗಬಾರದು ಎಂಬುದೊಂದೇ ಅವಳ ಹಂಬಲ.

ಬಾಟಲಿಯಲ್ಲಿ ಬೂಷ್ಟು ಹಿಡಿದರೆ, ಪಾಕ ಕದಡಿದರೆ ಜಯಪಾಲ ‘ಕಂಟಾಮಿನೇಷನ್’ ಅನ್ನುತ್ತಿದ್ದ. ಹೆಂಗಸರ ನಾಲಿಗೆಗೆ ಅದು ಹೊರಳಲಿಲ್ಲ.

“ಹಂಗಂದ್ರೇನ್ರಿ ಅಣ್ಣಾರ?” ಎಂದು ಜೊತೆಗೆ ಕೆಲಸಕ್ಕಿದ್ದ ತುಳಸವ್ವ ಕೇಳಿದ್ದಳು.

“ಮೈಲಿಗಿ ಅಂತ ತಿಳಕೋರಿ. ಹೊರಗಿಂದು ಒಳಗ ಬರಬಾರದು.”

“ಹಂಗ ನಮ್ಮ ಮಾತಿನ್ಯಾಗ ಹೇಳ್ರೆಲಾ ಮತ್ತ!”

ಎಲ್ಲರೂ ನಕ್ಕರು. ಸಾವಕ್ಕನೂ ನಕ್ಕಳು. ಅಂದಿನಿಂದ ಕೆಟ್ಟ ಬಾಟಲಿ ಮೈಲಿಗಿ ಬಾಟಲಿಯಾಯಿತು.

ಮರುವರ್ಷದ ಮಳೆಗಾಲದಲ್ಲಿ ಸಾವಕ್ಕನ ಅತ್ತೆ ತೀರಿಕೊಂಡಳು. ಸೂತಕ ಕಳೆಯುವ ಮುನ್ನವೇ ಅವಳು ಕೆಲಸಕ್ಕೆ ಬಂದಳು. ಚಿಗುರನ್ನು ಹೊಸ ಬಾಟಲಿಗೆ ಬದಲಿಸುವ ಸರದಿ ಬಂದಿತ್ತು. ತಡವಾದರೆ ಕಪ್ಪಾಗುತ್ತವೆಂದು ಜಯಪಾಲನೇ ಹೇಳಿ ಕಳಿಸಿದ್ದ. ವಾರ ಕಳೆಯುವುದರೊಳಗೆ ಅವಳ ಸಾಲಿನ ಬಾಟಲಿಗಳಲ್ಲಿ, ಚಿಗುರಿನ ಬುಡದ ಸುತ್ತ, ಹಾಲಿನ ಕೆನೆಯಂಥ ಪೊರೆ ಕಂಡಿತು.

“ಸೂತಕದ ಕೈ ಬೇ,” ಎಂದಳು ತುಳಸವ್ವ. “ಮೈಲಿಗಿ ಆಗದ ಮತ್ತೇನಾಕ್ಕೈತಿ?”

“ಸಾಬೂನು ಹಚ್ಚಿ ತೊಳದೀನಲ್ಲ.”

“ಸೂತಕ ಸಾಬೂನಿಗೆ ಹೋಗೂದಿದ್ರ ಹಿರ್ಯಾರು ದಿನಾ ಯಾಕ ಎಣಸ್ತಿದ್ರು? ಒಂದ್ ವಡಿ ಸಾಬೂನು ತಂದು ಮುಗಸ್ತಿದ್ರು,” ಎಂದು ಪಕ್ಕದ ಸಾಲಿನ ಸುಂದ್ರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಜಯಪಾಲ ಸೂತಕವನ್ನು ನಂಬುವವನಲ್ಲ. ಆದರೆ ಕೆಟ್ಟವೆಲ್ಲ ಸಾವಕ್ಕನ ಸಾಲಿನವೇ.

“ಚೂರಿ ಕಾಸೂದರಾಗ ಎಲ್ಲೋ ತಪ್ಪೇತಿ ನಿಂದು. ಸ್ವಲ್ಪ ದಿನ ಮನ್ಯಾಗ ಇರು.”

“ಅಣ್ಣಾರ, ನಾ ಸುಳಿ ತಗದ ಅದ ಗಡ್ಡಿ ಕಬ್ಬು ತುಳಸವ್ವನ ಕೈಲೆ ಕತ್ತರಿಸಿ ನೋಡ್ರಿ. ಅಕಿ ಬಾಟಲಿ ಸ್ವಚ್ಛ ಉಳದ್ರ ನಾ ಮಾತಾಡೂದಿಲ್ಲ.”

ಅವನು ಹಾಗೇ ಮಾಡಿದ. ಮೊದಲ ಬಾಟಲಿಗಳು ತಿಳಿಯಾಗಿಯೇ ಇದ್ದವು. ತುಳಸವ್ವ ಅವನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದಳು. ಚಿಗುರನ್ನು ಮೂರನೆಯ ಸಲ ಬದಲಿಸಿದಾಗ ಅವಳ ಬಾಟಲಿಯಲ್ಲೂ ಅದೇ ಕೆನೆ. ಆಗ ಜಯಪಾಲ ಕೆನೆ ಕಟ್ಟಿದ ನಾಲ್ಕು ಬಾಟಲಿಗಳನ್ನೂ, ಹೊಲದಲ್ಲಿ ನಿಂತಿದ್ದ ಒಂದು ಗಟ್ಟಿ ಕಬ್ಬನ್ನೂ ತೆಗೆದುಕೊಂಡು, ಪರೀಕ್ಷೆ ಮಾಡಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೋದ. ಮತ್ತೊಮ್ಮೆ ಹೋಗಿ ಫಲಿತಾಂಶ ಕೇಳಿಕೊಂಡು ಬಂದವನು, ಒಂದೆರಡು ದಿನ ಬಿಟ್ಟು ಸಾವಕ್ಕನ ಮನೆಗೆ ಬಂದ.

ಸಾವಕ್ಕ ಚಹಾ ತಂದಳು.

“ಬ್ಯಾಡ. ಹೊತ್ತು ಮುಳಗಿಂದ ನಮ್ಮಲ್ಲಿ ನಡ್ಯೂದಿಲ್ಲಲ್ಲ.”

ಜೈನರ ಆ ನೇಮ ಅವಳಿಗೆ ಗೊತ್ತಿತ್ತು. ಆದರೆ ಎದುರು ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು. ಅವಳು ಬಟ್ಟಲನ್ನು ಪಕ್ಕಕ್ಕಿಟ್ಟಳು.

“ನಿನ್ನ ಕೈದಲ್ಲ ಸಾವಕ್ಕ. ಆ ಜೀವಾಣು ಕಬ್ಬಿನ ಒಳಗ ಇರ್ತಾವಂತ. ಮ್ಯಾಲೆ ಎಷ್ಟ ತೊಳದ್ರೂ ಒಳಗಿನವು ಸಾಯೂದಿಲ್ಲ.”

“ಕಬ್ಬಿಗೆ ರೋಗ ಏನ್ರಿ?”

“ಅಲ್ಲ. ಚಲೋ ಕಬ್ಬಿನ್ಯಾಗೂ ಇರ್ತಾವು. ಹೊಲದಾಗ ಏನೂ ಮಾಡೂದಿಲ್ಲ, ಕೆಲವು ಉಪಕಾರನ ಮಾಡ್ತಾವು. ಬಾಟಲ್ಯಾಗ ಸಕ್ಕರಿ ಸಿಕ್ತಂದ್ರ ಉಕ್ಕತಾವು.”

“ಹಂಗಾದ್ರ ನಾ ನಾಳೆ ಬರ್ತೀನ್ರಿ.”

ಜಯಪಾಲ ನೆಲ ನೋಡಿದ.

“ತುಳಸವ್ವ, ಸುಂದ್ರವ್ವ ಎಲ್ಲಾರಿಗೂ ತಿಳಿಸಿ ಹೇಳ್ದೆ. ಬ್ಯಾಕ್ಟೀರಿಯಾ ಅಂದೆ, ಜೀವಾಣು ಅಂದೆ. ಒಬ್ಬರ ಮಾರಿ ಒಬ್ಬರು ನೋಡಿದ್ರು. ಕಡೀಕ, ಕಬ್ಬಿನ ಒಳಗ ಮೈಲಿಗಿ ಐತಿ ಅಂದೆ.”

“ಏನಂದ್ರು?”

“ಒಳಗ ಹೊಗಸಿದ್ದು ಯಾರು ಅಂದ್ರು. ಸಾವಕ್ಕ ಮುಟ್ಟಿದ್ದಕ್ಕ ಹೊಕ್ಕೇತಿ ಅಂದ್ರು. ನೀ ಬಂದ್ರ ಅವರು ಯಾರೂ ಬರೂದಿಲ್ಲಂತ.”

“ಆ ಮೈಲಿಗಿ ಅನ್ನೂ ಮಾತು ನೀವ ಕಲಿಸಿದ್ರಿ, ಅಣ್ಣಾರ.”

“ಬ್ಯಾರೆ ಮಾತು ನನಗ ಹೊಳೀಲಿಲ್ಲ,” ಎಂದು ಅವನು ಎದ್ದ. ಎಲ್ಲ ತಣ್ಣಗಾದ ಮೇಲೆ ಹೇಳಿ ಕಳಿಸುತ್ತೇನೆಂದ.

ಹೇಳಿ ಕಳಿಸಲಿಲ್ಲ. ಚಳಿ ಬೀಳುವಷ್ಟರಲ್ಲಿ ಸಾವಕ್ಕ ಮತ್ತೆ ರವದಿ ಸುಲಿಯುತ್ತಿದ್ದಳು. ಮೆತ್ತಗಾಗಿದ್ದ ಕೈ ಮೊದಲ ದಿನವೇ ಸೀಳಿತು.

ಕಬ್ಬೂರ ಕಡೆಯ ಒಂದು ಹೊಲದಲ್ಲಿ ಹೊಸ ನಾಟಿಗೆ ಬೀಜದ ಕಬ್ಬು ತುಂಡರಿಸುತ್ತಿದ್ದರು. ಕೆಲಸ ಹಗುರ, ನೆರಳಲ್ಲಿ ಕೂತು ಮಾಡುವಂಥದು. ಸಾವಕ್ಕ ಕುಡಗೋಲು ಹಿಡಿದು ಸಾಲಿನಲ್ಲಿ ಕೂತಳು. ಹೊಲದೊಡತಿ ರಾಮವ್ವ ಹತ್ತಿರ ಬಂದು, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು:

“ನೀ ಬೀಜಕ್ಕ ಕೈ ಹಚ್ಚಬ್ಯಾಡ ಯವ್ವಾ. ರವದಿ ಅಷ್ಟ ಸುಲಿ.”

ತೊಳೆದುಕೊಂಡು ಬಂದೀನ್ರಿ ಎಂಬ ಮಾತು ಸಾವಕ್ಕನ ನಾಲಿಗೆಯ ತುದಿಗೆ ಬಂತು. ಆಗಷ್ಟೇ ಕಡಿದಿದ್ದ ತುಂಡನ್ನು ಉಳಿದವುಗಳ ರಾಶಿಗೆ ಹಾಕದೆ, ಬದಿಗೆ ಬೇರೆಯಾಗಿಟ್ಟು, ಬಿಸಿಲಿಗೆ ಎದ್ದು ಹೋದಳು.